ಮುಂದಿನ ನುಡಿಗಳು ಸಿಕ್ಕಿಲ್ಲ

ಶಿರಸಿಯ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವುದು ನನ್ನ ಕೆಲಸ. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಯ ವರದಿ, ಅಂಗಡಿಗಳ ಬಿಲ್ ಬುಕ್ಕು, ಯಾರೋ ಮಾಸ್ತರರು ನಿವೃತ್ತಿಯಾದ ಮೇಲೆ ಬರೆದ ಕವನ ಸಂಕಲನ, ಎಲ್ಲವೂ ನನ್ನ ಕೈ ದಾಟಿಯೇ ಯಂತ್ರಕ್ಕೆ ಹೋಗುತ್ತವೆ. ಮದುವೆಯ ಸುಗ್ಗಿಯಲ್ಲಿ ಊಟಕ್ಕೂ ಪುರಸೊತ್ತಿರುವುದಿಲ್ಲ. ಎಷ್ಟೋ ಮದುವೆಗಳಿಗೆ ನಾನು ಎರಡೆರಡು ಕೆಲಸ ಮಾಡಿದ್ದೇನೆ. ಮೊದಲು ಕಾಗದ ಮಾಡಿಕೊಟ್ಟು, ಆಮೇಲೆ ಅದೇ ಮದುವೆಗೆ ಹೋಗಿ ಹಾಡು ಹೇಳಿ ಬಂದಿದ್ದೇನೆ.

ನಮ್ಮಲ್ಲಿ ಮದುವೆಯ ಒಂದೊಂದು ಹೆಜ್ಜೆಗೂ ಹೆಂಗಸರ ಹಾಡಿದೆ. ಎಣ್ಣೆ ಹಚ್ಚಲು, ಹಸೆ ಬರೆಯಲು, ಹಸೆಗೆ ಕರೆಯಲು, ಆರತಿ ಎತ್ತಲು, ಬೀಗರನ್ನು ಕೆಣಕಲು, ಕಡೆಗೆ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸಲು. ಎಲ್ಲ ಸೇರಿಸಿ ಹಸೆ ಹಾಡು ಎನ್ನುತ್ತೇವೆ. ಭಟ್ಟರ ಮಂತ್ರ ಒಂದು ಕಡೆ, ಹೆಂಗಸರ ಹಾಡು ಇನ್ನೊಂದು ಕಡೆ; ಎರಡೂ ನಡೆದರೇ ಅದು ಮದುವೆ ಎಂದು ನಮ್ಮಮ್ಮ ನಂಬಿದ್ದಳು. ಈಗ ಕಲ್ಯಾಣ ಮಂಟಪಗಳಲ್ಲಿ ಸ್ಪೀಕರ್ ಕೂಗುತ್ತದೆ, ಹೆಂಗಸರು ಮೊಬೈಲು ನೋಡುತ್ತ ಕೂತಿರುತ್ತಾರೆ. ಹಾಡಲು ಬರುವವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ.

ಈ ಹಾಡಿಗೊಂದು ಪತ್ರಿಕೆ ಮಾಡಬೇಕೆಂಬ ಮಾತು ಹುಟ್ಟಿದ್ದು ಸಿದ್ದಾಪುರದ ಒಂದು ಮದುವೆಯಲ್ಲಿ. ಅವತ್ತು ಹೆಣ್ಣು ಒಪ್ಪಿಸುವ ಹಾಡು ಹೇಳಿದವಳು ನಾನು. ಹೆಗಡೆಕಟ್ಟಾ ನನ್ನ ತವರು, ಆ ಹಾಡು ಅಲ್ಲಿಂದ ಅಮ್ಮನ ಜೊತೆ ಬಂದದ್ದು. ಮದುಮಗಳ ಚಿಕ್ಕಮ್ಮ, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹಾಡು ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳುತ್ತ ಬಂದು ನನ್ನನ್ನು ಗದರಿಸಿಯೇಬಿಟ್ಟರು. ಇಷ್ಟು ಚೆಂದದ ಹಾಡನ್ನು ಎಲ್ಲಿ ಬರೆದಿಟ್ಟಿದ್ದೀ, ನಾಳೆ ಯಾರಿಗೆ ಸಿಗಬೇಕು, ಅಚ್ಚಿನ ಮನೆಯಲ್ಲೇ ಕೆಲಸಕ್ಕಿದ್ದೂ ಇಷ್ಟು ಉದಾಸೀನವೇ ಎಂದು. ನನಗೆ ಸಿಟ್ಟು ಬಂತು. ಗುರುತು ಪರಿಚಯ ಇಲ್ಲದವರು ಬೈದರೆ ಯಾರಿಗೆ ಬರುವುದಿಲ್ಲ? ಆದರೆ ಊಟದ ಪಂಕ್ತಿಯಲ್ಲಿ ಅವರೇ ಬಂದು ಪಕ್ಕದಲ್ಲಿ ಕೂತರು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಪತ್ರಿಕೆಯ ಮಾತು ಶುರುವಾಗಿತ್ತು. ಅವತ್ತಿನಿಂದ ಅವರು ನನಗೆ ಅಕ್ಕ.

ಮೂರನೆಯವರು ವಜ್ರಳ್ಳಿಯ ಅತ್ತೆ. ನನಗಾಗಲಿ ಅಕ್ಕನಿಗಾಗಲಿ ಸಂಬಂಧದಲ್ಲಿ ಅತ್ತೆಯಲ್ಲ, ಯಲ್ಲಾಪುರದ ಆ ಭಾಗಕ್ಕೆಲ್ಲ ಅತ್ತೆ. ಎಪ್ಪತ್ತು ದಾಟಿದವರು, ಬಾಯಲ್ಲಿ ಯಾವಾಗಲೂ ಎಲೆಯಡಿಕೆಯ ಕವಳ, ಹಾಡಬೇಕಾದಾಗ ಮಾತ್ರ ಉಗಿದು ಬರುತ್ತಾರೆ. ಬೀಗರನ್ನು ಕೆಣಕುವ ಹಾಡಿನಲ್ಲಿ ಅವರನ್ನು ಮೀರಿಸುವವರಿಲ್ಲ. ಒಮ್ಮೆ ಒಬ್ಬ ಬೀಗರು ನಿಜವಾಗಿಯೂ ಮುನಿಸಿಕೊಂಡು ಪಂಕ್ತಿಯಿಂದ ಎದ್ದುಹೋಗಿದ್ದರಂತೆ, ಇವರು ಅವರ ಬೆನ್ನಿಗೆ ಇನ್ನೊಂದು ನುಡಿ ಕಟ್ಟಿ ಹಾಡಿದರಂತೆ.

ಸಿದ್ದಾಪುರ, ಯಲ್ಲಾಪುರ ಎರಡೂ ಕಡೆಯ ಬಸ್ಸು ಬರುವುದು ಶಿರಸಿಗೇ ಆದ್ದರಿಂದ ಸಭೆ ನಮ್ಮ ಮನೆಯಲ್ಲೇ ಆಗುತ್ತಿತ್ತು. ನಮ್ಮನೆಯವರಿಗೆ ಪೇಟೆಯಲ್ಲಿ ಮಿಕ್ಸರು, ಪಂಪು, ಫ್ಯಾನು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಭಾನುವಾರ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರುತ್ತಿದ್ದರು, ಚಾ ಮಾಡುವುದು ಅವರ ಪಾಲಿಗೆ ಬೀಳುತ್ತಿತ್ತು. ಹಾಡುವುದನ್ನು ಬಿಟ್ಟು ಹಾಡಿನ ಬಗ್ಗೆ ಓದುವವರು ಯಾರು ಎಂದು ಅವರು ಒಳಗಿನಿಂದಲೇ ಕೇಳುತ್ತಿದ್ದರು. ಚಾ ಚೆನ್ನಾಗಿರುತ್ತಿತ್ತು, ಅದಕ್ಕಾಗಿ ಸಹಿಸಿಕೊಂಡೆವು.

ಮೊದಲ ಎರಡು ಮೂರು ಸಭೆಗಳು ಹೆಸರಿನ ಜಗಳದಲ್ಲೇ ಹೋದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರಂತೆ ಎನ್ನುವುದು ನಮ್ಮನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ಅಕ್ಕನಿಗೆ ಗಂಭೀರವಾದ ಹೆಸರು ಬೇಕು, ಅತ್ತೆಗೆ ಕರೆಯಲು ಸುಲಭವಾದದ್ದು ಬೇಕು. ನನಗೆ ಮುಖಪುಟದಲ್ಲಿ ಅಂದವಾಗಿ ಕೂರುವ ಅಕ್ಷರಗಳಿದ್ದರೆ ಸಾಕಿತ್ತು. ಕಡೆಗೆ ‘ಹಸೆ ಹಾಡು’ ಎಂದೇ ಇಟ್ಟೆವು. ಮೂರು ತಿಂಗಳಿಗೊಂದು ಸಂಚಿಕೆ. ಪುಟಗಳು ಮದುವೆಯ ಕ್ರಮದಲ್ಲೇ ಇರಬೇಕೆಂಬುದು ನನ್ನ ಆಲೋಚನೆ. ಮೊದಲ ಪುಟಕ್ಕೆ ಗಣಪನ ಹಾಡು, ಆಮೇಲೆ ಎಣ್ಣೆ, ಹಸೆ, ಆರತಿ, ನಡುವೆ ಹಾಡಿಕೊಂಡು ಬಂದ ಒಬ್ಬ ಹೆಂಗಸಿನ ಕಥೆ, ಕಟ್ಟಕಡೆಯ ಪುಟಕ್ಕೆ ಹೆಣ್ಣು ಒಪ್ಪಿಸುವ ಹಾಡು. ಪತ್ರಿಕೆ ಮುಚ್ಚುವಾಗ ಓದುವವರ ಕಣ್ಣು ಒದ್ದೆಯಾಗಿರಬೇಕು ಎಂದು ನಾನು ಬಡಾಯಿ ಕೊಚ್ಚಿದ್ದೆ.

ಬೀಗರ ಹಾಡಿಗೊಂದು ಪುಟ ಬೇಕೆಂದು ಅತ್ತೆ ಹಟ ಹಿಡಿದರು. ಅದರಲ್ಲಿ ಕೆಲವು ನುಡಿ ಶಾಲೆಗೆ ಹೋಗುವ ಮಕ್ಕಳ ಕೈಗೆ ಸಿಗುವಂಥವಲ್ಲ ಎಂದು ಅಕ್ಕ. ಹಾಗಾದರೆ ಮಕ್ಕಳು ಮದುವೆಗೂ ಬರುವುದು ಬೇಡ ಎಂದು ಅತ್ತೆ. ಅದು ತೀರ್ಮಾನವಾಗದೆ ಉಳಿಯಿತು.

ನಿಜವಾದ ಕಷ್ಟ ಧಾಟಿಯದು. ನಮ್ಮ ಹಾಡು ಕಾಗದದ ಮೇಲೆ ನಾಲ್ಕು ಸಾಲು, ಅಷ್ಟೇ. ಅದನ್ನು ಎಲ್ಲಿ ಎಳೆಯಬೇಕು, ಎಲ್ಲಿ ಇಳಿಸಬೇಕು ಎನ್ನುವುದು ಅಕ್ಷರದಲ್ಲಿಲ್ಲ. ಅಕ್ಕ ಅಕ್ಷರಗಳ ಮೇಲೆ ಬಾಣದ ಗುರುತು ಹಾಕಿ ನೋಡಿದರು. ಅದು ಪಂಪಿನ ವೈರಿಂಗ್ ನಕ್ಷೆಯ ಹಾಗೆ ಕಂಡಿತು, ನಮ್ಮನೆಯವರೇ ಹಾಗೆ ಹೇಳಿ ನಕ್ಕರು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹಾಡು ಕೇಳುವ ಹಾಗೆ ಮಾಡೋಣ ಎಂದು ನಾನು. ಅದಕ್ಕೆ ಅತ್ತೆ ಕವಳವನ್ನು ಇನ್ನೊಂದು ಕೆನ್ನೆಗೆ ಸರಿಸಿ, “ಧಾಟಿ ಅಚ್ಚು ಹಾಕಲೆ ಬತ್ತಿಲ್ಲೆ ತಂಗೀ, ಪಕ್ಕದಲ್ಲಿ ಕೂತ್ಕಂಡು ಹೇಳಿಕೊಡವು” ಎಂದರು. ಸ್ಕ್ಯಾನ್ ಮಾಡುವುದನ್ನು ಎರಡನೇ ಸಂಚಿಕೆಗೆ ನೋಡೋಣ ಎಂದುಕೊಂಡೆವು.

ಒಂದು ಭಾನುವಾರ ನಮ್ಮನೆಯವರು ನಮ್ಮ ಮೂವರನ್ನೂ ಹಳೇ ಓಮ್ನಿಯಲ್ಲಿ ಹತ್ತಿಸಿಕೊಂಡು ಚಂದಗುಳಿಗೆ ಹೋದರು. ಅಲ್ಲಿ ಗಣಪನಿಗೆ ಗಂಟೆ ಕಟ್ಟುವ ಹರಕೆ. ಮೊದಲ ಸಂಚಿಕೆ ಹೊರಬಂದರೆ ಗಂಟೆ ಕಟ್ಟುತ್ತೇವೆ ಎಂದು ಹೇಳಿಕೊಂಡೆವು. ಮಕ್ಕಳಾಗಲಿ, ನೌಕರಿ ಸಿಗಲಿ ಎಂದು ಬರುವವರನ್ನು ನೋಡಿದ್ದೇನೆ, ಪತ್ರಿಕೆಗೆ ಹರಕೆ ಹೊತ್ತವರು ನೀವೇ ಮೊದಲು ಎಂದು ನಮ್ಮನೆಯವರು ದಾರಿಯುದ್ದಕ್ಕೂ ಆಡಿಕೊಂಡರು. ಆಗಷ್ಟೇ ಅಕ್ಕನ ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಆ ಮದುವೆಯ ಮನೆಯಲ್ಲೇ, ಐವರು ಮುತ್ತೈದೆಯರು ಹಾಡಿ ಪತ್ರಿಕೆ ಬಿಡುಗಡೆ ಮಾಡುವುದು ಎಂದು ಗಾಡಿಯಲ್ಲೇ ನಿಶ್ಚಯವಾಯಿತು. ನಾನೂ ಅತ್ತೆಯೂ ಆ ಐವರಲ್ಲಿ ಇದ್ದೇ ಇದ್ದೆವು, ಉಳಿದ ಮೂವರನ್ನು ಹುಡುಕಬೇಕಿತ್ತು. ನನಗೆ ಅಷ್ಟು ಸಂತೋಷವಾದ ದಿನ ಆಮೇಲೆ ಬರಲಿಲ್ಲ.

ನಮ್ಮನೆಯವರು ಹೋದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ. ಯಾರದೋ ಪಂಪಿನ ಮೋಟಾರು ಬಿಚ್ಚಿ ಕೂತಿದ್ದರಂತೆ. ಎದೆ ಹಿಡಿದುಕೊಂಡರು, ಪಕ್ಕದ ಅಂಗಡಿಯವರು ಓಡಿ ಬಂದರು, ಆಸ್ಪತ್ರೆ ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು. ನಾನು ಆಗ ಒಂದು ಮದುವೆ ಕಾಗದದ ಮೇಲೆ ಕೆಲಸ ಮಾಡುತ್ತಿದ್ದೆ. ಫೋನು ಬಂದಾಗ ಮುಹೂರ್ತದ ಸಾಲು ಅರ್ಧ ಆಗಿತ್ತು. ಅದನ್ನು ಯಾರು ಮುಗಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ವೈಕುಂಠ ಸಮಾರಾಧನೆಯ ಕಾಗದವನ್ನು ನಾನೇ ಮಾಡಿದೆ. ಧಾರವಾಡದಲ್ಲಿ ಓದುವ ಮಗ ಬೇಡವೆಂದ, ನಾದಿನಿ ಬೈದಳು. ಆದರೆ ಅವರ ಹೆಸರನ್ನು ಇನ್ಯಾರೋ ಜೋಡಿಸುವುದು ನನಗೆ ಆಗಿಬರಲಿಲ್ಲ. ಮನೆಯ ಹಳೇ ಕಂಪ್ಯೂಟರಿನ ಮುಂದೆ ಕೂತೆ. ಹೆಸರು ಬರೆದೆ. ಅದರ ಹಿಂದೆ ‘ದಿವಂಗತ’ ಎಂದು ಬರೆಯಲು ಕೈ ಬರಲಿಲ್ಲ. ಹಿಂದೆ ಯಾರಿಗೋ ಮಾಡಿಕೊಟ್ಟಿದ್ದ ಕಾಗದವನ್ನು ತೆರೆದು, ಆ ಒಂದು ಪದವನ್ನು ಅಲ್ಲಿಂದ ಎತ್ತಿ ಇಲ್ಲಿ ಅಂಟಿಸಿದೆ. ಅಳು ಬಂದದ್ದು ಆಗಲೇ, ಅಲ್ಲಿಯವರೆಗೆ ಬಂದಿರಲಿಲ್ಲ.

ಆ ದಿನಗಳಲ್ಲಿ ಕೂತಲ್ಲಿ ಕೂತೇ ಇರುತ್ತಿದ್ದೆ. ತಲೆ ತನ್ನಷ್ಟಕ್ಕೆ ಪತ್ರಿಕೆಯ ಪುಟ ಜೋಡಿಸುತ್ತಿತ್ತು. ಎಣ್ಣೆಗೆ ಹಾಡು ಇದೆ, ಹಸೆಗೆ ಹಾಡು ಇದೆ, ಬೀಗರ ಹೊಟ್ಟೆ ನೋಡಿ ನಗಲೂ ಹಾಡು ಇದೆ. ಬಳೆ ತೊಡಿಸುವುದಕ್ಕೆ ಅಮ್ಮ ಕಲಿಸಿದ ಹಾಡು ಎಷ್ಟು ಉದ್ದದ್ದು! ಬಳೆ ತೆಗೆಯುವ ದಿನಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಇಷ್ಟೆಲ್ಲ ಹಾಡು ಕಟ್ಟಿದ ಹೆಂಗಸರು ಇದೊಂದಕ್ಕೆ ಬಾಯಿ ಮುಚ್ಚಿಕೊಂಡು ಕೂತರಲ್ಲ ಎಂದು ನನಗೆ ಸಿಟ್ಟು ಬಂತು. ಈಗಿನ ಕಾಲಕ್ಕೆ ಯಾರೂ ನನ್ನ ಕೈ ಹಿಡಿದು ಬಳೆ ತೆಗೆಯಲಿಲ್ಲ, ನಾನೇ ಒಳಗೆ ಹೋಗಿ ತೆಗೆದಿಟ್ಟು ಬಂದೆ.

ಅಕ್ಕ ಬಂದಿದ್ದರು, ಅತ್ತೆಯೂ ಬಂದಿದ್ದರು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಹೊರಡುವಾಗ ಅಕ್ಕ, ಪತ್ರಿಕೆಯ ಬಗ್ಗೆ ತಲೆಬಿಸಿ ಮಾಡಿಕೊಳ್ಳಬೇಡ, ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದರು. ಆ ಹೊತ್ತಿಗೆ ಅದು ಸರಿಯಾದ ಮಾತೇ. ವರ್ಷಾಂತದ ಶ್ರಾದ್ಧ ಆಗುವವರೆಗೆ ನಾನು ಶುಭಕಾರ್ಯಕ್ಕೆ ಹೋಗುವಂತಿರಲಿಲ್ಲ, ಅವರು ಕರೆಯುವಂತೆಯೂ ಇರಲಿಲ್ಲ. ಒಂದು ವರ್ಷ ತಾನೆ, ಪತ್ರಿಕೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡೆ.

ಕೆಲಸಕ್ಕೆ ಮರಳಿದೆ. ಮದುವೆ ಕಾಗದ ಮಾಡಲು ನನಗೆ ಯಾರದೂ ಅಡ್ಡಿಯಿರಲಿಲ್ಲ. ಅಚ್ಚಾದ ಅಕ್ಷರಕ್ಕೆ ಮುತ್ತೈದೆತನ ಬೇಕಾಗುವುದಿಲ್ಲ. ಕಾಗದದ ಮೂಲೆಗೆ ಅರಿಸಿನ ಹಚ್ಚುವ ಕೆಲಸ ಅವರವರ ಮನೆಯದು.

ವರ್ಷಾಂತ ಆಯಿತು. ಇನ್ನು ಫೋನು ಬರುತ್ತದೆ ಎಂದು ಕಾದೆ. ನಮ್ಮ ಕಡೆ ಹಾಡಲು ಕರೆಯುವುದಕ್ಕೊಂದು ಕ್ರಮವಿದೆ. ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಬರುತ್ತಾಳೆ, ಹಣೆಗೆ ಹಚ್ಚುತ್ತಾಳೆ, ಹಾಡು ಹೇಳಲು ಬಾ ಎನ್ನುತ್ತಾಳೆ. ಕುಂಕುಮವೇ ಕರೆ. ಎಷ್ಟೇ ಚೆನ್ನಾಗಿ ಹಾಡುವವಳಾದರೂ ಕರೆಯದೆ ಹೋಗಿ ಹಾಡಲು ಕೂರುವುದಿಲ್ಲ. ಗಂಡ ಸತ್ತವಳು ಹಾಡಬಾರದೆಂದು ಯಾವ ಭಟ್ಟರೂ ನನಗೆ ಹೇಳಲಿಲ್ಲ, ಯಾವ ಹಿರಿಯರೂ ತಡೆಯಲಿಲ್ಲ. ಹಣೆಗೆ ಕುಂಕುಮ ಹಚ್ಚುವಂತಿಲ್ಲದ ಮೇಲೆ ಕರೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ, ಅಷ್ಟೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದರು. ಒಂದು ಮದುವೆಯಲ್ಲಿ ಬಟ್ಟಲು ಹಿಡಿದ ಹುಡುಗಿ ನನ್ನ ಮುಂದೆ ಬಂದು, ನಿಂತು, ನಕ್ಕು, ತಿಂಡಿ ಆಯಿತಾ ಎಂದು ಕೇಳಿ ಮುಂದೆ ಹೋದಳು. ಒಳ್ಳೆಯ ಹುಡುಗಿ. ಆಮೇಲೆ ಹಸೆಗೆ ಕರೆಯುವ ಹಾಡು ಶುರುವಾಯಿತು, ಧಾಟಿ ಅರ್ಧಕ್ಕೇ ಹಾದಿ ತಪ್ಪಿತು. ನಾನು ಪಂಕ್ತಿ ಏಳುವ ಮುಂಚೆಯೇ ಬಸ್ಸು ಹತ್ತಿದೆ.

ಅಕ್ಕನ ಫೋನು ಆಗಾಗ ಬರುತ್ತಿತ್ತು. ಮಗನ ಓದು, ನನ್ನ ಮಂಡಿನೋವು, ಅಂಗಡಿ ಬಾಡಿಗೆಗೆ ಕೊಟ್ಟೆಯಾ ಇಲ್ಲವಾ, ಎಲ್ಲ ಕೇಳುತ್ತಿದ್ದರು. ಪತ್ರಿಕೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ನನಗೂ ಹಟವಿದೆ. ನಾನು ಕಟ್ಟಿದ ಪತ್ರಿಕೆಗೆ ನನ್ನನ್ನು ಕರೆಯಿರಿ ಎಂದು ನಾನೇ ಬಾಯಿಬಿಟ್ಟು ಕೇಳಲೇ? ರಾತ್ರಿ ಅಡುಗೆ ಮಾಡುವಾಗ ಒಂದೊಂದು ಸಲ ಬಾಯಿ ತನ್ನಷ್ಟಕ್ಕೆ ಗುನುಗುತ್ತಿತ್ತು, ನಾನೇ ನಿಲ್ಲಿಸುತ್ತಿದ್ದೆ. ಗಂಡ ಹೋದ ದುಃಖವನ್ನು ಎಲ್ಲರೂ ಹಂಚಿಕೊಂಡರು. ಹಾಡು ಹೋದ ದುಃಖವೂ ಇದೆ ಎಂದು ಯಾರಿಗಾದರೂ ಹೇಳಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಒಂದು ದಿನ ಮುದ್ರಣಾಲಯದ ಮಾಲೀಕರು ಕೈಯಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅವರು ಬನವಾಸಿ ಕಡೆಯವರು, ಮಾತು ಕಡಿಮೆ. ಸಿದ್ದಾಪುರದಿಂದ ಒಂದು ಪತ್ರಿಕೆಯ ಕೆಲಸ ಬಂದಿದೆ, ನನ್ನ ಕೈಗೆ ಕೊಡದೆ ಬೇರೆಯವರಿಂದ ಮಾಡಿಸಿ ಎಂದು ಅವರು ಹೇಳಿದ್ದಾರೆ, ಆದರೆ ಬೇರೆಯವರು ಎಂದರೆ ಇಲ್ಲಿ ಯಾರಿದ್ದಾರೆ ಎಂದು ಹಿಂದೆಮುಂದೆ ನೋಡುತ್ತ ಹೇಳಿದರು. “ನಿಮಗ ಬ್ಯಾಸರ ಆಗೂದಿದ್ರ ಬಿಡ್ರಿ, ನಾ ಹುಬ್ಬಳ್ಳಿಗೆ ಕಳಸ್ತೇನಿ” ಎಂದರು. ನಾನು ಪೆನ್‌ಡ್ರೈವ್ ಇಸಿದುಕೊಂಡೆ.

‘ಹಸೆ ಹಾಡು.’ ನಾನು ಆರಿಸಿದ್ದ ಅಕ್ಷರದ ಮಾದರಿಯನ್ನೇ ಕೇಳಿದ್ದರು. ಗಣಪ, ಎಣ್ಣೆ, ಹಸೆ, ಆರತಿ, ನಾನು ಹೇಳಿದ್ದ ಕ್ರಮದಲ್ಲೇ ಇತ್ತು. ಬೀಗರ ಹಾಡಿಗೂ ಒಂದು ಪುಟ, ಅಂದರೆ ಅತ್ತೆ ಗೆದ್ದಿದ್ದರು. ಸಂಪಾದಕರ ಸಾಲಿನಲ್ಲಿ ನನ್ನ ಹೆಸರೇ ಮೊದಲಿತ್ತು. ಅದನ್ನು ಎರಡೆರಡು ಸಲ ಓದಿದೆ. ಇಷ್ಟು ದಿನ ಸುಮ್ಮನೆ ಹೊಟ್ಟೆ ಉರಿಸಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಒಂದೊಂದೇ ಪುಟ ಕಟ್ಟುತ್ತ ಕೊನೆಯದಕ್ಕೆ ಬಂದೆ.

ಹೆಣ್ಣು ಒಪ್ಪಿಸುವ ಹಾಡು, ಹೆಗಡೆಕಟ್ಟಾದ ಪಾಠ ಎಂದು ತಲೆಬರಹ. ಮಗಳು ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ತಾಯಿ ಬೀಗಿತ್ತಿಯನ್ನು ಬೇಡುವ ಮೊದಲ ನುಡಿಗಳು ಇದ್ದವು. ಅದರ ಕೆಳಗೆ ಕಂಸದಲ್ಲಿ ಒಂದು ಸಾಲು: ಮುಂದಿನ ನುಡಿಗಳು ಸಿಕ್ಕಿಲ್ಲ.

ಆ ನುಡಿಗಳು ನನ್ನ ಬಾಯಲ್ಲಿದ್ದವು. ಅದು ಅಕ್ಕನಿಗೆ ಗೊತ್ತಿತ್ತು, ಅವರು ಮೊದಲ ದಿನ ನನ್ನನ್ನು ಬೈದದ್ದೇ ಆ ಹಾಡು ಕೇಳಿ. ನಾನು ಬದುಕಿ ಕೂತಿರುವಾಗಲೇ ಸಿಕ್ಕಿಲ್ಲ ಎಂದು ಅಚ್ಚು ಮಾಡಿಸುತ್ತಿದ್ದಾರಲ್ಲ. ಯಂತ್ರದ ಸದ್ದು ಕೇಳದ ಹಾಗೆ ಹೊರಗಿನ ಮೆಟ್ಟಿಲಿಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

“ಸಿಕ್ಕಿದ್ದಿಲ್ಯ ಅಕ್ಕ, ನನ್ನತ್ರ ಕೇಳಿದ್ದಿಲ್ಯ?”

ಯಾವುದು ಎಂದು ಅವರು ಕೇಳಲಿಲ್ಲ.

“ಆ ನುಡೀಲಿ ಎಂತ ಇದ್ದು ಹೇಳಿ ನಂಗೆ ನೆನಪಿದ್ದು. ಅದನ್ನ ನಿನ್ನ ಬಾಯಲ್ಲಿ ಹೇಳ್ಸಲೆ ನನ್ನ ಹತ್ರ ಆಜಿಲ್ಲೆ ತಂಗೀ” ಎಂದರು.

ನಾನು ಫೋನು ಇಟ್ಟೆ. ಒಳಗೆ ಬಂದು ಕೂತೆ. ಎಂತ ಇದೆ ಆ ನುಡಿಯಲ್ಲಿ? ನೂರು ಮದುವೆಯಲ್ಲಿ ಹಾಡಿದ್ದೆ. ಹಾಡುವಾಗ ನನ್ನ ಗಮನ ಎಲ್ಲ ಧಾಟಿಯ ಮೇಲೆ. ಅಲ್ಲಿ ಧಾಟಿ ಬದಲಾಗುತ್ತದೆ, ಬೇಡಿಕೊಳ್ಳುವುದು ಮುಗಿದು ಹರಸುವುದು ಶುರುವಾಗುವ ಜಾಗ ಅದು, ಸ್ವರ ಇಳಿಯಬೇಕು, ನಿಧಾನವಾಗಬೇಕು. ಅದನ್ನು ಸರಿಯಾಗಿ ಇಳಿಸಿದೆನಲ್ಲ ಎಂಬ ಜಂಬದಲ್ಲಿ ಮಾತು ಕಿವಿಗೆ ಬಿದ್ದೇ ಇರಲಿಲ್ಲ. ಕಂಸದ ಸಾಲನ್ನು ಅಳಿಸಿ, ನಾನೇ ಆ ನುಡಿಗಳನ್ನು ಜೋಡಿಸಲು ಕೂತೆ. ಆಗ ಮೊದಲ ಸಲ ಓದಿದೆ.

ಹಚ್ಚಿದ ಕುಂಕುಮ ಮಾಸದ ಹಾಗಿರಲಿ
ಹೆಚ್ಚಲಿ ಕೈಯ ಬಳೆ ಸದ್ದು – ಆ ಮನೆಯ
ನಿಚ್ಚದ ದೀಪ ನೀನಾಗು.

ಹೀಗೇ ಇನ್ನೂ ನಾಲ್ಕು ನುಡಿ. ಎಲ್ಲದರಲ್ಲೂ ಕುಂಕುಮ, ಬಳೆ, ಮುಡಿದ ಹೂವು. ನನ್ನ ಮದುವೆಯಲ್ಲಿ ಅಮ್ಮ ಇದನ್ನೇ ಹಾಡಿದ್ದಳು, ಅಳುತ್ತ ಹಾಡಿದ್ದಳು. ಈ ಸಲ ಯಾರ ಕಾಗದದಿಂದಲೂ ಪದ ಎತ್ತಿ ಅಂಟಿಸಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಮುಗಿಸಿದೆ. ಅಕ್ಕನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಕ್ರಮಕ್ಕೆ ಹೆದರಿ ನನ್ನನ್ನು ಬಿಟ್ಟರು ಎಂದುಕೊಂಡಿದ್ದೆ. ಅವರು ಆ ಸಾಲುಗಳಿಂದ ನನ್ನನ್ನು ಕಾಯಲು ನೋಡಿದ್ದರು. ಎರಡರಿಂದಲೂ ನನಗಾದದ್ದು ಒಂದೇ, ಆದರೂ ಬೈಯಲು ಬಾಯಿ ಬರಲಿಲ್ಲ.

ಪ್ರೂಫ್ ನೋಡಿ ಅಕ್ಕ ಮರುದಿನವೇ ಬಂದರು. ಕೈಯಲ್ಲಿ, ಅಂತೂ ಕೂಡಿಬಂದ ಮಗಳ ಮದುವೆಯ ಕಾಗದ. ನೀನು ಬರಲೇಬೇಕು ಎಂದರು, ಹಾಡಲು ಎಂದು ಹೇಳಲಿಲ್ಲ. ಐವರು ಯಾರು ಯಾರು ಎಂದು ನಾನು ಕೇಳಲಿಲ್ಲ.

ಸಿದ್ದಾಪುರದ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆಯೇ ಪತ್ರಿಕೆಯ ಬಿಡುಗಡೆ ಆಯಿತು. ಅತ್ತೆ ಮುಂದೆ ನಿಂತು ಗಣಪನ ಹಾಡು ಹೇಳಿದರು, ಇನ್ನು ನಾಲ್ವರು ದನಿ ಕೂಡಿಸಿದರು. ಹೆಂಗಸರು ಸಂಚಿಕೆಯನ್ನು ಕೈಗೆ ತೆಗೆದುಕೊಂಡು ತಮ್ಮೂರಿನ ಹಾಡು ಇದೆಯೇ ಎಂದು ಹುಡುಕಿದರು. ನನ್ನನ್ನೂ ಕರೆದು ನಿಲ್ಲಿಸಿ ಒಂದು ಶಾಲು ಹೊದಿಸಿದರು. ಅಚ್ಚು ಚೆನ್ನಾಗಿ ಬಂದಿದೆ ಎಂದು ತುಂಬ ಜನ ಹೊಗಳಿದರು. ಆಮೇಲೆ ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತೆ.

ಹೆಣ್ಣು ಒಪ್ಪಿಸುವುದು ಊಟವಾದ ಮೇಲೆ, ದಿಬ್ಬಣ ಹೊರಡುವ ಮುಂಚೆ. ಹಿತ್ತಾಳೆಯ ಪಾತ್ರೆಯಲ್ಲಿ ಹಾಲು. ಅದರಲ್ಲಿ ಮಗಳ ಕೈ, ಅದನ್ನು ಹಿಡಿದ ತಾಯಿಯ ಕೈ, ಕೆಳಗೆ ಬೀಗಿತ್ತಿಯ ಕೈ. ಹಾಡು ಮುಗಿಯುವ ತನಕ ಕೈ ಎತ್ತುವ ಹಾಗಿಲ್ಲ. ವಜ್ರಳ್ಳಿಯ ಅತ್ತೆ ಸಂಚಿಕೆಯ ಕೊನೆಯ ಪುಟ ತೆರೆದು ಹಿಡಿದುಕೊಂಡು ಹಾಡಿದರು. ಬೇಡಿಕೊಳ್ಳುವ ನುಡಿಗಳು ಅವರ ಕಡೆಯಲ್ಲೂ ಇರುವಂಥವು, ಸರಾಗವಾಗಿ ಹೋದವು. ಧಾಟಿ ಬದಲಾಗುವ ಜಾಗ ಬಂದಾಗ ಅವರು ಮೊದಲ ಸಾಲನ್ನು ಹಳೆಯ ಧಾಟಿಗೇ ಕೂರಿಸಲು ನೋಡಿದರು. ಕೂರಲಿಲ್ಲ. ಇನ್ನೊಮ್ಮೆ ನೋಡಿದರು. ಉಳಿದವರು ಅವರ ಮುಖ ನೋಡಿದರು. ಅಕ್ಷರ ಅಷ್ಟು ಸ್ಪಷ್ಟವಾಗಿ ಎದುರಿಗಿದ್ದೂ ಐವರಲ್ಲಿ ಯಾರಿಗೂ ಹಾಡು ಮುಂದೆ ಹೋಗಲಿಲ್ಲ. ಸುತ್ತ ನಿಂತವರು ಅಳುವುದನ್ನೂ ನಿಲ್ಲಿಸಿದರು.

ಹಾಲಿನಲ್ಲಿ ಕೈ ಅದ್ದಿಕೊಂಡೇ ಅಕ್ಕ ತಲೆ ಎತ್ತಿ ಹಿಂದಿನ ಸಾಲುಗಳ ಕಡೆ ನೋಡಿದರು. ನನ್ನನ್ನು ಹುಡುಕಿದರು. ಕಣ್ಣು ಸಿಕ್ಕಿದ ಮೇಲೆ ತೆಗೆಯಲಿಲ್ಲ. ಅವರ ಎರಡೂ ಕೈ ಮಗಳ ಕೈ ಹಿಡಿದಿದ್ದವು, ಬೇರೆ ಯಾವ ರೀತಿಯಲ್ಲೂ ಕರೆಯಲು ಅವರಿಗೆ ಆಗುತ್ತಿರಲಿಲ್ಲ.

ನಾನು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಎತ್ತಿಕೊಂಡೆ. ಒಂದೂವರೆ ವರ್ಷದಿಂದ ಬಳಸದ ಗಂಟಲು, ಮೊದಲ ಸಾಲು ಒಡೆದೇ ಬಂತು. ಎರಡನೆಯದಕ್ಕೆ ಅತ್ತೆ ಧಾಟಿ ಹಿಡಿದು ದನಿ ಕೂಡಿಸಿದರು. ಕುಂಕುಮ ಮಾಸದಿರಲಿ ಎಂದೆ. ಬಳೆ ಸದ್ದು ಹೆಚ್ಚಲಿ ಎಂದೆ. ಹಿಂದೆ ನೂರು ಸಲ ಬಾಯಿಮಾತಿಗೆ ಹೇಳಿದ್ದೆ. ಈ ಸಲ ಒಂದೊಂದು ಮಾತನ್ನೂ ಬೇಡಿಕೊಂಡು ಹೇಳಿದೆ. ಈ ಹುಡುಗಿಗೆ ಅದು ನಿಜವಾಗಲಿ, ನನಗಾದದ್ದು ಇವಳಿಗೆ ಆಗದಿರಲಿ ಎಂದು. ಆ ಮಂಟಪ ತುಂಬ ಹೆಂಗಸರಿದ್ದರು. ಏನು ಬೇಡುತ್ತಿದ್ದೇನೆಂದು ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ.

ಹಾಡು ಮುಗಿಯಿತು. ಕೈಗಳು ಹಾಲಿನಿಂದ ಮೇಲೆ ಬಂದವು, ಯಾರೋ ಟವೆಲ್ಲು ಕೊಟ್ಟರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ, ಒಳ್ಳೆಯದೇ ಆಯಿತು. ಮದುಮಗಳು ಹಾಡಿದ ಮುತ್ತೈದೆಯರ ಕಾಲಿಗೆಲ್ಲ ಬಿದ್ದು ಆಶೀರ್ವಾದ ಪಡೆಯುತ್ತ ಬಂದಳು. ಐವರದಾದ ಮೇಲೆ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರವೂ ಬಂದಳು. ಪಕ್ಕದಲ್ಲಿ ಕೂತಾಕೆ ಗಾಬರಿಯಾದದ್ದು ಗೊತ್ತಾಯಿತು. ನಾನು ಕಾಲು ಹಿಂದೆಳೆದುಕೊಂಡೆ. ಆದರೂ ಬಗ್ಗಿ ಮುಟ್ಟಿದಳು, ಎದ್ದು ನಿಂತು ನನ್ನ ಮುಖ ನೋಡುತ್ತ ಕಾದಳು.

ಮುತ್ತೈದೆಯಾಗಿ ಬಾಳು ಎನ್ನಬೇಕಿತ್ತು. ಅದೊಂದನ್ನು ಬಿಟ್ಟು ಆ ಹೊತ್ತಿಗೆ ಹೇಳುವ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಬಾಯಿ ತೆರೆದೆ, ಆ ಮಾತು ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ, ಇನ್ನೂ ಹಾಲಿನ ಅಂಟಿತ್ತು.

“ಊಟ ಸರಿ ಮಾಡಿದ್ದಿಲ್ಲೆ ನೀನು. ದಾರಿಲಿ ಎಂತಾರೂ ತಿನ್ನು, ಕೂಸೆ” ಎಂದೆ.